ಕಟ್ಟೋಗರದಿಂದ ಬಟಾಟೆಯ ವರೆಗೆ

ಒಂದು ನಾಡಿನ ಇತಿಹಾಸವು ಶಿಲಾಶಾಸನ ತಾಮ್ರಪಟಗಳಲ್ಲಿ ಮಾತ್ರ ಅಡಗಿರುವದೆಂದು ತಿಳಿಯುವದು ಸರಿಯಲ್ಲ. ಅರಸರು ಗೆದ್ದ ಊರುಗಳನ್ನೂ ಕೊಟ್ಟ ದತ್ತಿಗಳನ್ನೂ ಶಾಸನವು ಹೇಳುತ್ತದೆ. ಆ ಊರಿನ ಒಕ್ಕಲಿಗನು ಮುಂಜಾನೆ ಹೊಲಕ್ಕೆ ಹೊರಡುವಾಗ ಅರಿವೆಯ ಗಂಟಿನಲ್ಲಿ ಏನನ್ನು ಕಟ್ಟಿಕೊಂಡು ಹೋದನೆಂಬದನ್ನು ಅದು ಹೇಳುವದಿಲ್ಲ. ಆದರೆ ಬೆಂದ ಅನ್ನವು ಬೇಗ ಕೆಡುವದು, ಹಸಿವೆಯಾದರೋ ನಾಳೆಯೂ ಬರುವದು. ಇಂದು ಮಾಡಿದ ಮೃದುವಾದ ಪಾಕವನ್ನು ನಾಳಿನ ವರೆಗೆ ಮೃದುವಾಗಿಯೂ ಶುಚಿಯಾಗಿಯೂ ಇರಿಸುವದು ಹೇಗೆ? ಈ ಪ್ರಶ್ನೆಯು ಸಣ್ಣದಾಗಿ ತೋರಿದರೂ ಧರ್ಮಶಾಸ್ತ್ರಕಾರರು ಇದನ್ನು ವಿಚಾರಿಸಿದ್ದಾರೆ, ವೈದ್ಯರು ವಿಚಾರಿಸಿದ್ದಾರೆ, ಘಟಪ್ರಭೆಯ ಬಯಲಿನ ಹೆಣ್ಣುಮಕ್ಕಳು ತಮ್ಮ ಕೈಯಿಂದಲೇ ವಿಚಾರಿಸಿದ್ದಾರೆ. ಪರದೇಶದಿಂದ ಬಂದ ಬಟಾಟೆಯೆಂಬ ಗಡ್ಡೆಯನ್ನು ಬೇಯಿಸಿ, ಹಿಸುಕಿ, ಹಾಲು ಬೆಣ್ಣೆಗಳಿಂದ ಹದಮಾಡಿ, ಒಂದು ದಿನ ಮುಂಚಿತವಾಗಿ ಮಾಡಿಡುವ ಪದ್ಧತಿಯು ಈಗ ಪಟ್ಟಣಗಳಲ್ಲಿ ಹಬ್ಬುತ್ತಿರುವದರಿಂದ, ಹಳೆಯ ಬುತ್ತಿಯನ್ನೂ ಹೊಸ ಗಡ್ಡೆಯನ್ನೂ ಒಂದೇ ಪಂಕ್ತಿಯಲ್ಲಿಟ್ಟು ನೋಡುವದು ಅಪ್ರಸ್ತುತವಾಗದು.

ಈ ವಿಚಾರಕ್ಕೆ ಕಲ್ಲೋಳಿಯು ತಕ್ಕ ಸ್ಥಳವಾಗಿದೆ. ಮೊದಲು ಗೋಕಾಕ ತಾಲೂಕಿಗೂ ಈಗ ಮೂಡಲಗಿ ತಾಲೂಕಿಗೂ ಸೇರಿದ ಈ ಊರಿಗೆ ಶಾಸನದಲ್ಲಿ ಸಿಂದನ ಕಲ್ಪೊಳೆ ಎಂದು ಹೆಸರು. ಫ್ಲೀಟ್ ಮಹಾಶಯರು ಪ್ರಕಟಿಸಿದ ಶಕವರ್ಷ 1127ರ, ಎಂದರೆ ಕ್ರಿ. ಶ. 1204ರ ಶಾಸನದ ಪ್ರಕಾರ, ರಟ್ಟವಂಶದ ನಾಲ್ಕನೆಯ ಕಾರ್ತವೀರ್ಯನು ತನ್ನ ತಮ್ಮನಾದ ಯುವರಾಜ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ, ಅಂದರೆ ಈಗಿನ ಬೆಳಗಾವಿಯಿಂದ, ಆಳುತ್ತಿದ್ದನು. ಆಗ ಕೂಂಡಿ ಮೂರುಸಾಸಿರದ ಕುರುಂಬೆಟ್ಟ ಕಂಪಣದಲ್ಲಿದ್ದ ಈ ಊರಿನಲ್ಲಿ ರಾಜರಸನು ಶಾಂತಿನಾಥ ಜಿನಾಲಯವನ್ನು ಕಟ್ಟಿಸಿದನು; ಅದರ ಆಚಾರ್ಯರಾದ ಶುಭಚಂದ್ರ ಭಟ್ಟಾರಕರಿಗೆ ಭೂಮಿಯು ದಾನವಾಗಿ ಸಂದಿತು. ಆ ಕಾಲದ ಜಿನಾಲಯಗಳಿಗೆ ಕೊಟ್ಟ ದತ್ತಿಗಳಲ್ಲಿ ದೇವರ ಪೂಜೆ, ಬಸದಿಯ ಜೀರ್ಣೋದ್ಧಾರ, ಋಷಿಗಳ ಆಹಾರದಾನ ಎಂಬ ಮೂರು ಉದ್ದೇಶಗಳು ವಾಡಿಕೆಯಾಗಿ ಕೂಡಿಯೇ ಬರುತ್ತವೆ. ಕಲ್ಲು ಕಟ್ಟಡದ ಜತೆಗೆ ಅನ್ನವೂ ಧರ್ಮದ ಲೆಕ್ಕದಲ್ಲಿ ಬರೆಯಲ್ಪಡುತ್ತಿತ್ತೆಂಬದು ಇದರಿಂದ ವಿದಿತವಾಗುವದು.

ಜೈನಾಚಾರದಲ್ಲಿ ಆಹಾರಕ್ಕೆ ಎರಡು ಕಟ್ಟುಗಳುಂಟು. ಒಂದು, ನೆಲದೊಳಗೆ ಬೆಳೆಯುವ ಕಂದಮೂಲಗಳಲ್ಲಿ ಅನಂತ ಜೀವರಾಶಿಯಿರುವದರಿಂದ ಅವುಗಳನ್ನು ವರ್ಜಿಸಬೇಕು. ಇನ್ನೊಂದು, ಬೆಂದ ಪದಾರ್ಥಕ್ಕೆ ಇಷ್ಟು ಹೊತ್ತೆಂಬ ಮರ್ಯಾದೆಯುಂಟು. ಅದನ್ನು ಮೀರಿದರೆ ಅದು ಭಕ್ಷ್ಯವಲ್ಲ. ನೀರಿನ ಅಂಶವು ಹೆಚ್ಚಿದ್ದಷ್ಟೂ ಈ ಅವಧಿಯು ಕಡಿಮೆ. ಒಣಗಿದ, ಕರಿದ, ಹುರಿದ ಪದಾರ್ಥಗಳಿಗೆ ಅವಧಿಯು ಹೆಚ್ಚು. ಹೀಗಿರುವದರಿಂದ ಕಂದವನ್ನು ಬೇಯಿಸಿ, ಹಸಿಯಾಗಿ ಕಲಸಿ, ರಾತ್ರಿ ಇಟ್ಟು ಮರುದಿನ ಉಣ್ಣುವದೆಂದರೆ ಆ ಬಸದಿಯ ಶ್ರಾವಕರಿಗೆ ಎರಡು ಬಗೆಯಿಂದಲೂ ನಿಷಿದ್ಧವೇ ಆಗುತ್ತಿತ್ತು. ಇಂದಿಗೂ ವ್ರತನಿಷ್ಠರಾದ ಜೈನ ಮನೆಗಳಲ್ಲಿ ಬಟಾಟೆಯು ಒಲೆಯ ಹತ್ತಿರ ಬರುವದಿಲ್ಲ. ಈ ನಿಯಮಗಳ ಮೂಲವು ಅಹಿಂಸೆಯಾಗಿದ್ದರೂ, ನೀರಿದ್ದಲ್ಲಿ ಕೊಳೆಯುಂಟೆಂಬ ಸೂಕ್ಷ್ಮವಾದ ಅವಲೋಕನವು ಅವುಗಳ ಒಳಗಿರುವದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ವೈದಿಕ ಸ್ಮೃತಿಗಳ ಮಾರ್ಗವು ತುಸು ಬೇರೆ. ರಾತ್ರಿ ಕಳೆದ ಅನ್ನಕ್ಕೆ ಪರ್ಯುಷಿತವೆಂದು ಹೆಸರು. ಅದು ಸಾಮಾನ್ಯವಾಗಿ ವರ್ಜ್ಯ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿಯೂ ಯಾಮ ಕಳೆದ, ರಸ ಹೋದ, ನಾರುವ ಹಳಸಿದ ಅನ್ನವು ತಾಮಸರ ಪ್ರೀತಿಗೆ ಸೇರಿದ್ದೆಂದು ಎಣಿಸಲ್ಪಟ್ಟಿದೆ. ಇಷ್ಟೇ ಆಗಿದ್ದರೆ ಹೊಲಕ್ಕೆ ಬುತ್ತಿ ಒಯ್ಯುವ ಒಕ್ಕಲಿಗರೆಲ್ಲರೂ ತಾಮಸರೇ ಆಗಬೇಕಾಗುತ್ತಿತ್ತು. ಆದರೆ ಮನುವೂ ಯಾಜ್ಞವಲ್ಕ್ಯನೂ ನಿಷೇಧವನ್ನು ಹೇಳಿದ ಬೆನ್ನಿಗೇ ಅಪವಾದಗಳನ್ನೂ ಹೇಳಿದ್ದಾರೆ. ತುಪ್ಪ ಎಣ್ಣೆ ಮುಂತಾದ ಸ್ನೇಹದಿಂದ ಕೂಡಿದ ಅನ್ನವು ಹಿಂದಿನ ದಿನದ್ದಾದರೂ ಭೋಜ್ಯ; ಗೋಧಿ, ಜವೆ, ಹಾಲು ಇವುಗಳಿಂದಾದ ಪದಾರ್ಥಗಳು ಸ್ನೇಹವಿಲ್ಲದಿದ್ದರೂ ಭೋಜ್ಯ. ಹುಳಿತವುಗಳ ನಿಷೇಧದಿಂದಲೂ ಮೊಸರನ್ನೂ ಮೊಸರಿನಿಂದಾದವುಗಳನ್ನೂ ಮನುವು ಹೊರತುಪಡಿಸಿದ್ದಾನೆ. ಸ್ನೇಹ, ಗೋಧಿ, ಹಾಲು, ಮೊಸರು, ಈ ನಾಲ್ಕೂ ಹೆಸರುಗಳನ್ನು ಜೋಡಿಸಿ ನೋಡಿದರೆ ಪ್ರಯಾಣದ ಗಂಟನ್ನು ಬಿಚ್ಚಿ ನೋಡಿದಂತೆಯೇ ಆಗುವದು. ಶಾಸ್ತ್ರವು ಲೋಕದ ನಡೆಯನ್ನು ಅರಿತೇ ವಿಧಿಸಿತೆಂಬದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಶಬ್ದಗಳೂ ಇದಕ್ಕೆ ಸಾಕ್ಷಿಯಾಗಿವೆ. ಬುತ್ತಿಯೆಂಬದು ಭುಕ್ತಿಯ ತದ್ಭವ. ಹಳೆಯ ಕನ್ನಡದಲ್ಲಿ ಅದಕ್ಕೆ ಕಟ್ಟೋಗರವೆಂಬ ಅಂದವಾದ ಹೆಸರಿತ್ತು. ಓಗರವೆಂದರೆ ಅನ್ನ, ಕಟ್ಟಿದ ಓಗರವು ಕಟ್ಟೋಗರ. ಸಂಸ್ಕೃತದಲ್ಲಿ ದಾರಿಯ ಅನ್ನಕ್ಕೆ ಪಾಥೇಯವೆಂದೂ ಶಂಬಲವೆಂದೂ ಹೆಸರು. ಈ ಶಂಬಲವೇ ಕನ್ನಡದಲ್ಲಿ ಸಂಬಳವಾಗಿ, ತಿಂಗಳ ಕೊನೆಗೆ ಕೈಗೆ ಬರುವ ವೇತನವಾಗಿ ನಿಂತಿದೆ. ದುಡಿಯಲು ಹೋಗುವವನಿಗೆ ಮೊದಲು ಕೊಡಬೇಕಾದದ್ದು ಅನ್ನವೆಂಬ ಭಾವವು ಆ ಶಬ್ದದ ಹೊಟ್ಟೆಯಲ್ಲಿ ಇಂದಿಗೂ ಉಂಟು. ಇನ್ನೊಂದು ಸಂಗತಿಯು ವ್ಯಾಕರಣವನ್ನು ಬಲ್ಲವರಿಗೆ ಆನಂದವನ್ನುಂಟುಮಾಡುವಂಥದು. ಪಥಿ ಶಬ್ದದಿಂದ ಪಾಥೇಯವನ್ನೂ ಅತಿಥಿ ಶಬ್ದದಿಂದ ಆತಿಥೇಯವನ್ನೂ ಪಾಣಿನಿಯು ಒಂದೇ ಸೂತ್ರದಲ್ಲಿ ಸಾಧಿಸಿದ್ದಾನೆ. ಮನೆಗೆ ಬಂದವನಿಗೆ ಬಡಿಸುವದೂ ಮನೆ ಬಿಟ್ಟು ಹೋಗುವವನಿಗೆ ಕಟ್ಟಿಕೊಡುವದೂ ವ್ಯಾಕರಣದಲ್ಲಿಯೂ ಒಂದೇ ಮನೆಯವು.

ಇನ್ನು ಬುತ್ತಿಯ ಪಾಕವನ್ನು ನೋಡತಕ್ಕದ್ದು. ಕಲ್ಲೋಳಿ, ಮೂಡಲಗಿ, ಗೋಕಾಕ, ಹುಕ್ಕೇರಿ ಈ ಸೀಮೆಯಲ್ಲಿ ಜೋಳವೇ ಮುಖ್ಯವಾದ ಅನ್ನವಾಗಿತ್ತು. ಅಕ್ಕಿಯು ಹಬ್ಬಹುಣ್ಣಿವೆಯ ವಸ್ತು. ದಿನದ ಬುತ್ತಿಯು ಎರಡು ಬಗೆಯದಾಗಿತ್ತು. ಒಂದು ಒಣ ಬುತ್ತಿ: ಎಳ್ಳು ಹಚ್ಚಿ, ತಟ್ಟಿ, ಕೆಂಡದ ಮುಂದೆ ನಿಲ್ಲಿಸಿ ನೀರನ್ನೆಲ್ಲ ತೆಗೆದ ಕಡಕು ರೊಟ್ಟಿ, ಅದರೊಡನೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಇದು ವಾರಗಟ್ಟಲೆ ಕೆಡುವದಿಲ್ಲ. ಇನ್ನೊಂದು ಮೆತ್ತನ್ನ ಬುತ್ತಿ: ಜೋಳದ ನುಚ್ಚು, ನವಣಕ್ಕಿ, ಹಬ್ಬದಲ್ಲಿ ಅಕ್ಕಿಯ ಅನ್ನ, ಇವುಗಳನ್ನು ಹಾಲು ಮೊಸರುಗಳಲ್ಲಿ ಕಲಸಿದ್ದು. ಈ ಎರಡನೆಯದೇ ಕಠಿಣವಾದ ವಿದ್ಯೆ. ಶೀಗೀ ಹುಣ್ಣಿವೆಗೂ ಎಳ್ಳಮಾವಾಸ್ಯೆಗೂ ಹೊಲದಲ್ಲಿ ಚರಗ ಚೆಲ್ಲುವಾಗ, ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟುವಾಗ, ಈ ಮೆತ್ತನ್ನ ಬುತ್ತಿಯಿಲ್ಲದೆ ಸಂಭ್ರಮವು ಪೂರ್ಣವಾಗುತ್ತಿರಲಿಲ್ಲ.

ಮೊಸರು ಬುತ್ತಿಯನ್ನು ಮಾಡುವ ಹೆಂಗಸು ಅನ್ನವನ್ನು ನೀರು ತುಸು ಹೆಚ್ಚಿಟ್ಟು ಮೆತ್ತಗೆ ಬೇಯಿಸುವಳು. ಬಿಸಿಯಾಗಿರುವಾಗಲೇ ಹಿಸುಕುವಳು, ಆರಿದ ಮೇಲೆ ಹಿಸುಕಿದರೆ ಅಗುಳು ಗಂಟಾಗುವದು. ಕಾಸಿದ ಹಾಲನ್ನು ಅನ್ನವು ಬಯಸುವದಕ್ಕಿಂತ ಹೆಚ್ಚಾಗಿ ಹೊಯ್ದು, ಬೆಣ್ಣೆಯ ಒಂದು ಉಂಡೆಯನ್ನಿಕ್ಕಿ ಕಲಸುವಳು. ಆಗ ನೋಡಿದವರಿಗೆ ಅದು ಗಂಜಿಯಂತೆ ತೋರುವದು. ಉಗುರು ಬೆಚ್ಚಗಾದ ಬಳಿಕ ಒಂದೆರಡು ಚಮಚೆ ಮೊಸರನ್ನು ಹೆಪ್ಪಾಗಿ ಸೇರಿಸುವಳು. ರಾತ್ರಿಯಲ್ಲಿ ಅನ್ನವು ಹಾಲನ್ನು ಹೀರುತ್ತದೆ, ಉಳಿದ ಹಾಲು ಮೊಸರಾಗುತ್ತದೆ; ಮರುದಿನದ ಮಧ್ಯಾಹ್ನ ಹೊಲದ ಬದುವಿನ ಮೇಲೆ ಗಂಟು ಬಿಚ್ಚುವ ಹೊತ್ತಿಗೆ ಅದು ಬೆಣ್ಣೆಯಂತೆ ಮೃದುವಾಗಿ, ಹುಳಿಯು ಆಗ ತಾನೇ ಹುಟ್ಟುವ ಹದದಲ್ಲಿರುತ್ತದೆ. ಮೊದಲೇ ಮೊಸರನ್ನೇ ಹೊಯ್ದು ಕಲಸಿದ್ದರೆ ಮಧ್ಯಾಹ್ನಕ್ಕೆ ಹುಳಿಯು ಏರಿ ಹೋಗುತ್ತಿತ್ತು. ನಾಳಿನ ಹೊತ್ತನ್ನು ಇಂದಿನ ಕೈಯಲ್ಲಿ ಅಳೆಯುವ ಗಣಿತವೇ ಬುತ್ತಿಯ ರಹಸ್ಯ.

ಬಟಾಟೆಯು ಈ ಅಡಿಗೆಮನೆಗೆ ಬಹಳ ತಡವಾಗಿ ಬಂದ ಅತಿಥಿ. ಅದರ ತವರು ದಕ್ಷಿಣ ಅಮೇರಿಕೆಯ ಆಂಡೀಸ್ ಪರ್ವತ. ಅಲ್ಲಿಯ ಕೆಚುವಾ ಭಾಷೆಯಲ್ಲಿ ಅದಕ್ಕೆ ಪಾಪಾ ಎಂದು ಹೆಸರು. ಅದನ್ನು ಮುಂಚಿತವಾಗಿ ಸಿದ್ಧಪಡಿಸಿಡುವ ವಿದ್ಯೆಯೂ ಅಲ್ಲಿಯೇ ಮೊದಲು ಹುಟ್ಟಿತು. ಪರ್ವತವಾಸಿಗಳು ಗಡ್ಡೆಗಳನ್ನು ಚಳಿಯ ರಾತ್ರಿಗಳಲ್ಲಿ ಬಯಲಿನಲ್ಲಿ ಹರವಿ ಹೆಪ್ಪುಗಟ್ಟಿಸಿ, ಹಗಲಿನಲ್ಲಿ ತುಳಿದು ನೀರನ್ನು ಹಿಂಡಿ, ಬಿಸಿಲಿಗೆ ಒಣಗಿಸಿ ಚೂನ್ಯೋ ಎಂಬ ಪದಾರ್ಥವನ್ನು ಮಾಡುವರು. ಅದು ವರ್ಷಗಟ್ಟಲೆ ಇರುತ್ತದೆ. ಇಂಕಾ ಅರಸರ ಉಗ್ರಾಣಗಳಲ್ಲಿ ಇದರ ಸಂಗ್ರಹವಿರುತ್ತಿತ್ತು. ಕಡಕು ರೊಟ್ಟಿ ತಟ್ಟುವ ಕೈಯೂ ಚೂನ್ಯೋ ತುಳಿಯುವ ಕಾಲೂ ಒಂದನ್ನೊಂದು ಕಾಣದೆ ಒಂದೇ ತತ್ತ್ವವನ್ನು ಕಂಡುಕೊಂಡವು: ನೀರನ್ನು ತೆಗೆ, ಕಾಲವನ್ನು ಗೆಲ್ಲು.

ಸ್ಪೇನಿನವರು ಪೆರು ದೇಶವನ್ನು ಹೊಕ್ಕದ್ದು 1532ರಲ್ಲಿ. 1573ರ ಹೊತ್ತಿಗೆ ಸೆವಿಲ್ಲಾ ಪಟ್ಟಣದ ಒಂದು ಆಸ್ಪತ್ರೆಯ ಲೆಕ್ಕದಲ್ಲಿ ಈ ಗಡ್ಡೆಯನ್ನು ಕೊಂಡ ಉಲ್ಲೇಖವಿದೆ. ಆದರೆ ಹೆಸರಿನಲ್ಲಿ ಒಂದು ಗೊಂದಲವುಂಟಾಯಿತು. ಬಟಾಟಾ ಎಂಬದು ಮೂಲತಃ ಪಶ್ಚಿಮ ದ್ವೀಪಗಳ ತಾಯಿನೋ ಜನರ ಶಬ್ದ; ಅದು ಹೇಳುತ್ತಿದ್ದದ್ದು ಗೆಣಸನ್ನು. ಗೆಣಸಿನ ಹೆಸರು ಪೋರ್ಚುಗೀಜರ ಬಾಯಲ್ಲಿ ಹೊಸ ಗಡ್ಡೆಗೂ ಸಂದಿತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಜರ ಆ ಶಬ್ದವೇ ಕೊಂಕಣಿ ಮರಾಠಿಗಳಲ್ಲಿಯೂ ಬೆಳಗಾವಿ ಸೀಮೆಯ ಕನ್ನಡದಲ್ಲಿಯೂ ನೆಲೆಸಿ, ಇಲ್ಲಿ ಬಟಾಟಿ, ಬಟಾಟೆ ಎನಿಸಿತು. ಹಳೆಯ ಮೈಸೂರಿನ ಕಡೆಯವರು ಆಲೂಗಡ್ಡೆ, ಉರುಳಗಡ್ಡೆ ಎನ್ನುವರು. 1672ರಿಂದ 1681ರ ವರೆಗೆ ಪೂರ್ವದೇಶಗಳಲ್ಲಿ ಸಂಚರಿಸಿ ಕಾರವಾರವನ್ನೂ ಕಂಡಿದ್ದ ಜಾನ್ ಫ್ರೈಯರನೆಂಬ ಆಂಗ್ಲ ವೈದ್ಯನ ಗ್ರಂಥದಲ್ಲಿ ಈ ಹೆಸರಿನ ಗಡ್ಡೆಯ ಮಾತು ಬರುವದು. ಅದನ್ನು ಹಿಡಿದು ಬಟಾಟೆಯು ಕರ್ನಾಟಕದಲ್ಲಿ ಆಗಲೇ ಬೆಳೆಯುತ್ತಿತ್ತೆಂದು ಕೆಲವರು ಹೇಳುವರು. ಹೆಸರು ಗೆಣಸಿಗೂ ಸಲ್ಲುತ್ತಿದ್ದದರಿಂದ ಆ ಒಂದು ಮಾತಿನ ಮೇಲೆಯೇ ಸಿದ್ಧಾಂತವನ್ನು ಕಟ್ಟುವದು ವಿವೇಕವಲ್ಲ.

ಆಲು ಎಂಬ ಶಬ್ದವನ್ನು ಕಂಡು ಬಟಾಟೆಯು ಪ್ರಾಚೀನ ಭಾರತದಲ್ಲಿತ್ತೆಂದು ವಾದಿಸುವದೂ ಇದೇ ಬಗೆಯ ಭ್ರಾಂತಿ. ಸುಶ್ರುತಸಂಹಿತೆಯ ಕಂದವರ್ಗದಲ್ಲಿ ಪಿಂಡಾಲುಕ, ಮಧ್ವಾಲುಕ, ಹಸ್ತ್ಯಾಲುಕ, ಕಾಷ್ಠಾಲುಕ, ಶಂಖಾಲುಕ, ರಕ್ತಾಲುಕ ಎಂಬ ಹೆಸರುಗಳಿವೆ. ಇವೆಲ್ಲವೂ ಈ ನೆಲದ ಗಡ್ಡೆಗಳು. ಆಂಡೀಸಿನ ಗಡ್ಡೆಯು ಆಗ ಸಮುದ್ರದಾಚೆ ಇತ್ತು. ಹಳೆಯ ಹೆಸರು ಹೊಸ ವಸ್ತುವಿಗೆ ಬಂದಿತೇ ಹೊರತು ಹೊಸ ವಸ್ತುವು ಹಳೆಯ ಕಾಲಕ್ಕೆ ಹೋಗಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದ ಅನ್ನಭೋಗದಲ್ಲಿ ರಾಜಭೋಜನವನ್ನು ವರ್ಣಿಸಿದಾಗಲೂ ಬಟಾಟೆಯಿರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಸಿಂದನ ಕಲ್ಪೊಳೆಯ ಶಾಸನವನ್ನು ಕಡೆದ ಕಾಲದಲ್ಲಿ ಇವೆರಡರ ಹೆಸರನ್ನೂ ಈ ನಾಡಿನಲ್ಲಿ ಯಾರೂ ಕೇಳಿರಲಿಲ್ಲ.

ಬಟಾಟೆಯು ಒಳನಾಡಿಗೆ ಬಲವಾಗಿ ಹಬ್ಬಿದ್ದು ಇಂಗ್ಲಿಷರ ಕಾಲದಲ್ಲಿ. 1820ರ ದಶಕದಲ್ಲಿ ನೀಲಗಿರಿಯಲ್ಲಿ ಜಾನ್ ಸಲಿವನ್ನನು ಅದನ್ನು ಬೆಳೆಯಿಸಿದನು. 1828ರಲ್ಲಿ ಸ್ಥಾಪಿತವಾದ ಮಹಾಬಳೇಶ್ವರದ ತಂಪು ವಸತಿಯಲ್ಲಿ ಚೀನೀ ಬಂದಿವಾನರು ಬಟಾಟೆಯ ತೋಟಗಳನ್ನು ಮಾಡಿದರು. ಬೆಳಗಾವಿಯು 1818ರಲ್ಲಿ ಇಂಗ್ಲಿಷರ ವಶವಾಗಿ ದಂಡಿನ ಸ್ಥಳವಾಯಿತು. ಬಟಾಟೆಯಿಲ್ಲದೆ ಊಟವಿಲ್ಲವೆನ್ನುವ ಜನರು ಅಲ್ಲಿ ನೆಲೆಸಿದರು. ಬೆಳಗಾವಿಯ ಸುತ್ತಲಿನ ಕೆಂಪು ಹಗುರ ಮಣ್ಣು, ಮುಂಗಾರಿನ ತಂಪು ಇವು ಆ ಗಡ್ಡೆಗೆ ಒಗ್ಗಿದವು. ಜೂನದ ಸುಮಾರಿಗೆ ಬಿತ್ತಿ ಮಳೆಗಾಲದ ಕೊನೆಗೆ ಕೀಳುವ ಬೆಳೆಯಾಗಿ ಅದು ಅಲ್ಲಿ ನಿಂತಿದೆ. ಕಲ್ಲೋಳಿಯ ಕಡೆಯ ಕಪ್ಪು ಎರೆಯು ಅದಕ್ಕೆ ಅಷ್ಟು ಪ್ರಿಯವಲ್ಲ. ಇಲ್ಲಿ ಜೋಳ, ಗೋವಿನಜೋಳ, ಅರಿಸಿಣ, ಕಬ್ಬುಗಳದೇ ಪ್ರಾಬಲ್ಯ. ಆದುದರಿಂದ ಈ ಊರಿಗೆ ಬಟಾಟೆಯು ಹೊಲದಿಂದ ಬರಲಿಲ್ಲ, ಸಂತೆಯಿಂದ ಬಂದಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಪಾಟ್ನಾದಲ್ಲಿ ಕೇಂದ್ರೀಯ ಬಟಾಟೆ ಸಂಶೋಧನಾ ಸಂಸ್ಥೆಯು ಸ್ಥಾಪಿತವಾಗಿ, ಮುಂದೆ ಸಿಮ್ಲಾಕ್ಕೆ ಸ್ಥಳಾಂತರ ಹೊಂದಿತು. ಇಂದು ಬಟಾಟೆ ಬೆಳೆಯುವ ದೇಶಗಳಲ್ಲಿ ಚೀನದ ತರುವಾಯ ಭಾರತದ್ದೇ ಎರಡನೆಯ ಸ್ಥಾನ.

ಹೊಸ ವಸ್ತುವನ್ನು ಆಚಾರವು ಸ್ವೀಕರಿಸಿದ ರೀತಿಯು ವಿಚಿತ್ರವಾಗಿದೆ. ಪರದೇಶದ್ದೆಂದು ಎಣಿಸಿ ಅನೇಕ ವೈದಿಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಯಿಂದ ಅದನ್ನು ಹೊರಗಿಟ್ಟರು. ಕಂದವೆಂದು ಎಣಿಸಿ ಜೈನರು ಬಿಟ್ಟರು. ಆದರೆ ಧಾನ್ಯವಲ್ಲವೆಂದು ಎಣಿಸಿ ಉಪವಾಸದ ಫಲಾಹಾರಕ್ಕೆ ಅನೇಕರು ಅದನ್ನೇ ಆರಿಸಿಕೊಂಡರು. ಪಿತೃಗಳಿಗೆ ಬೇಡವಾದ ಗಡ್ಡೆಯು ಏಕಾದಶಿಗೂ ಶಿವರಾತ್ರಿಗೂ ಬೇಕಾಯಿತು. ಒಂದೇ ವಸ್ತುವು ಒಂದು ಮನೆಯಲ್ಲಿ ನಿಷಿದ್ಧ, ಪಕ್ಕದ ಮನೆಯಲ್ಲಿ ವ್ರತಯೋಗ್ಯ. ಆದರೂ ಆ ಎರಡು ಮನೆಗಳ ನಡುವಿನ ಗೋಡೆಯು ಎತ್ತರವಾಗಲಿಲ್ಲ.

ಬೇಯಿಸಿದ ಬಟಾಟೆಯನ್ನು ಹಾಲು, ಉಪ್ಪು, ಬೆಣ್ಣೆಗಳೊಡನೆ ಹಿಸುಕುವ ಪಾಕವು ಹ್ಯಾನಾ ಗ್ಲಾಸ್ ಎಂಬ ಆಂಗ್ಲ ಗೃಹಿಣಿಯು 1747ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿದೆ. ಇದನ್ನು ಒಂದು ದಿನ ಮೊದಲು ಮಾಡಿಟ್ಟರೆ ಮರುದಿನ ಒಣಗಿ ಮರಳುಮರಳಾಗುವದು, ಇಲ್ಲವೆ ಅಂಟಂಟಾಗುವದು ಎಂಬ ದೂರು ಎಲ್ಲೆಡೆಯಲ್ಲಿಯೂ ಉಂಟು. ಇದರ ಕಾರಣವು ಪಿಷ್ಟದಲ್ಲಿದೆ. ಗಡ್ಡೆಯ ಕೋಶಗಳಲ್ಲಿಯ ಪಿಷ್ಟದ ಕಣಗಳು 60 ಅಂಶ ಸೆಂಟಿಗ್ರೇಡ್ ದಾಟಿದ ಬಳಿಕ ನೀರನ್ನು ಹೀರಿ ಉಬ್ಬುತ್ತವೆ. ಬಿಸಿಯಿರುವಾಗ ಮೆಲ್ಲಗೆ ಒತ್ತಿ ಹಿಸುಕಿದರೆ ಕೋಶಗಳು ಒಂದರಿಂದೊಂದು ಬೇರ್ಪಡುತ್ತವೆ. ಯಂತ್ರದಿಂದ ಬಲವಾಗಿ ಕಡೆದರೆ ಒಡೆದು ಪಿಷ್ಟವು ಹೊರಚೆಲ್ಲಿ ಗೋಂದಾಗುತ್ತದೆ. ಆರಿದ ಮೇಲೆ ಪಿಷ್ಟವು ನೀರನ್ನು ಬಿಟ್ಟು ಬಿಗಿಯುತ್ತದೆ. ಆರಿದ ಅನ್ನವು ಗಟ್ಟಿಯಾಗುವದೂ ಇದರಿಂದಲೇ. ಆದುದರಿಂದ ಬಿಸಿಯಲ್ಲಿಯೇ ಹಿಸುಕಬೇಕು, ಮೊದಲು ಬೆಣ್ಣೆಯನ್ನು ಬೆರಸಿ ಬಳಿಕ ಬಿಸಿ ಹಾಲನ್ನು ಬೇಕೆನಿಸುವದಕ್ಕಿಂತ ತುಸು ಹೆಚ್ಚಾಗಿಯೇ ಹೊಯ್ಯಬೇಕು, ಮೇಲೆ ಬೆಣ್ಣೆಯನ್ನು ಸವರಿ ಮುಚ್ಚಿಡಬೇಕು, ಮರುದಿನ ಇನ್ನಷ್ಟು ಹಾಲಿನೊಡನೆ ಸಣ್ಣ ಉರಿಯಲ್ಲಿ ಕಾಸಬೇಕು. ಬುತ್ತಿ ಕಲಸುವವಳು ಇವುಗಳಲ್ಲಿ ಯಾವದನ್ನು ತಿಳಿದಿರಲಿಲ್ಲ? ಅಮೇರಿಕೆಯ ಫಿಲಾಡೆಲ್ಫಿಯಾದ ಸಮೀಪದ ಸರಕಾರೀ ಸಂಶೋಧನಾಲಯದವರು 1950ರ ದಶಕದಲ್ಲಿ ಇದೇ ಪಿಷ್ಟವನ್ನು ಅಭ್ಯಸಿಸಿ, ಗಡ್ಡೆಯ ಹೋಳುಗಳನ್ನು ಮೊದಲು 70 ಅಂಶದ ಸುಮಾರಿಗೆ ಕಾಸಿ, ತಣಿಸಿ, ಬಳಿಕ ಪೂರ್ಣವಾಗಿ ಬೇಯಿಸಿ ಹಿಸುಕಿ ಒಣಗಿಸುವ ವಿಧಾನವನ್ನು ರೂಪಿಸಿದರು. ಬಿಸಿನೀರು ಹೊಯ್ದ ಕೂಡಲೇ ಮೆತ್ತಗಾಗುವ ಬಟಾಟೆಯ ಹಾಳೆಗಳು ಹೀಗೆ ಹುಟ್ಟಿದವು. ಚೂನ್ಯೋದ ಮೊಮ್ಮಗುವೆಂದು ಅದನ್ನು ಕರೆದರೆ ತಪ್ಪಾಗದು.

ಆದರೆ ಬುತ್ತಿಗೂ ಈ ಹೊಸ ಪಾಕಕ್ಕೂ ಒಂದು ಮುಖ್ಯವಾದ ಭೇದವಿದೆ. ಅದನ್ನು ಮರೆತರೆ ಅನರ್ಥವಾದೀತು. ಸ್ನೇಹವು ಒಣಗುವದನ್ನು ತಡೆಯುತ್ತದೆ, ಕೆಡುವದನ್ನು ತಡೆಯಲಾರದು. ಅನ್ನದಲ್ಲಿಯೂ ಗಡ್ಡೆಯಲ್ಲಿಯೂ ಕುದಿಯುವ ನೀರಿಗೂ ಸಾಯದ ಸೂಕ್ಷ್ಮಜೀವಿಗಳ ಬೀಜಾಣುಗಳಿರಬಹುದು. ಬೆಚ್ಚಗೆ ಇಟ್ಟಲ್ಲಿ ಅವು ಮೊಳೆತು ವಿಷವನ್ನುಂಟುಮಾಡುತ್ತವೆ. ಬುತ್ತಿಯಲ್ಲಿ ಹೆಪ್ಪಿನ ಜೀವಿಗಳು ಹಾಲನ್ನು ಹುಳಿಗೊಳಿಸಿ ಆ ದುಷ್ಟಜೀವಿಗಳ ಏಳಿಗೆಗೆ ಅಡ್ಡಿಯಾಗುತ್ತವೆ. ಹಾಲು ಬೆಣ್ಣೆಗಳಲ್ಲಿ ಕಲಸಿದ ಬಟಾಟೆಯಲ್ಲಿ ಆ ಕಾವಲಿಲ್ಲ. ಅದನ್ನು ಎರಡು ತಾಸಿನೊಳಗಾಗಿ ಅಗಲವಾದ ಪಾತ್ರೆಯಲ್ಲಿ ಆರಿಸಿ ತಂಪುಪೆಟ್ಟಿಗೆಯಲ್ಲಿ 5 ಅಂಶಕ್ಕಿಂತ ಕೆಳಗೆ ಇಡಬೇಕು. ಉಣ್ಣುವ ಮೊದಲು ಹೊಗೆಯಾಡುವ ವರೆಗೆ ಕಾಸಬೇಕು. ಅರಿವೆಯ ಗಂಟಿನಲ್ಲಿ ಕಟ್ಟಿ ಹೊಲಕ್ಕೆ ಒಯ್ಯುವ ಪದಾರ್ಥವು ಅದಲ್ಲ. ಹುಳಿತವುಗಳಲ್ಲಿ ಮೊಸರನ್ನು ಮಾತ್ರ ಬೇರೆಯಾಗಿ ಎಣಿಸಿದ ಸ್ಮೃತಿಕಾರನ ವಿವೇಕವು ಇಲ್ಲಿ ಹೊಸ ಅರ್ಥದಿಂದ ಬೆಳಗುವದು.

ಕೊನೆಗೆ ಈ ಬುತ್ತಿಯ ಇತಿಹಾಸದಲ್ಲಿ ಹೆಸರಿಲ್ಲದೆ ಹೋದವರ ಮಾತು ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗೋಕಾಕ ಫಾಲ್ಸಿನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿಯು ನಡೆಯತೊಡಗಿತು. ಸೂರ್ಯನನ್ನು ನೋಡಿ ಹೊಲಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ಕೆಲವು ಗಿರಣಿಯ ಹೊತ್ತಿಗೆ ಒಲೆ ಹೊತ್ತಿಸುವ ಮನೆಗಳಾದವು. ಹೊಲಕ್ಕಾಗಲಿ ಗಿರಣಿಗಾಗಲಿ ಬುತ್ತಿ ಕಟ್ಟುವವಳು ಕೋಳಿ ಕೂಗುವದಕ್ಕೆ ಮೊದಲು ಎದ್ದು ಬೀಸಬೇಕಾಗಿತ್ತು, ತಟ್ಟಬೇಕಾಗಿತ್ತು. ಅವಳಿಗೆ ಹಿಂದಿನ ಸಂಜೆಯೇ ಮಾಡಿಡಬಹುದಾದ ಒಂದು ಪದಾರ್ಥವೆಂದರೆ ರುಚಿಯ ಮಾತಲ್ಲ, ಒಂದು ತಾಸಿನ ನಿದ್ರೆಯ ಮಾತು. ರಾತ್ರಿ ಕಳೆದ ಅನ್ನವೆಂದು ಅದನ್ನು ಹಳಿಯುವವನು ಆ ಒಂದು ತಾಸಿನ ನಿದ್ರೆಯನ್ನು ತಕ್ಕಡಿಯ ಇನ್ನೊಂದು ಪರಡಿಯಲ್ಲಿಟ್ಟು ತೂಗಿ ನೋಡಬೇಕು.

ಇಂದು ಕಲ್ಲೋಳಿಯಂಥ ಊರುಗಳಲ್ಲಿಯೂ ತಂಪುಪೆಟ್ಟಿಗೆ ಬಂದಿದೆ. ಬೀಸುವ ಕಲ್ಲು ಮೂಲೆ ಸೇರಿದೆ. ಇದಕ್ಕಾಗಿ ಶೋಕಿಸಬೇಕಾಗಿಲ್ಲ. ಆದರೆ ಹೆಪ್ಪಿನ ಹದ, ಹಾಲಿನ ಅಳತೆ, ಬಿಸಿಯಲ್ಲಿ ಹಿಸುಕುವ ಕೈ, ಇವು ಯಾವ ತಾಳೆಯೋಲೆಯಲ್ಲಿಯೂ ಬರೆದಿಟ್ಟವುಗಳಲ್ಲ. ಬಲ್ಲ ಮುದುಕಿಯರು ಇರುವ ವರೆಗೆ ಮಾತ್ರ ಅವು ಇರುವವು. ಬಸದಿಯ ಕಲ್ಲಿನ ಅಕ್ಷರಗಳನ್ನು ಎಂಟುನೂರು ವರ್ಷಗಳ ಬಳಿಕವೂ ಓದಬಹುದು. ಬುತ್ತಿಯ ವಿದ್ಯೆಯನ್ನು ಕೇಳಿ ಬರೆದುಕೊಳ್ಳಲು ಒಂದು ತಲೆಮಾರಿನ ಕಾಲವೂ ಉಳಿದಿಲ್ಲ. ಪ್ರತಿಯೊಂದು ಮನೆಯ ಎಳೆಯರು ತಮ್ಮ ಅಜ್ಜಿ ಅಮ್ಮಂದಿರ ಬಳಿ ಕುಳಿತು ಇದನ್ನು ಕಲಿತು ಬರೆದಿಟ್ಟರೆ, ಬಟಾಟೆಯಾಗಲಿ ಮುಂದೆ ಬರುವ ಇನ್ನಾವ ಗಡ್ಡೆಯಾಗಲಿ ಆ ಹದಕ್ಕೆ ತಾನಾಗಿಯೇ ಒಗ್ಗುವದು.